ಮನೆ ಖಾಲಿ ಇದ್ದರೂ ಫೀ ತಪ್ಪಲ್ಲ

ಟೆಕ್ಸಾಸ್‌ನ ಡಲ್ಲಾಸ್ ಹತ್ತಿರ ಬಾಡಿಗೆಗೆ ಕೊಡೋಣ ಅಂತ ಒಂದು ಮನೆ ತಗೊಂಡೆವು. ಸಾಲದ ಕಂತು, ಆಸ್ತಿ ತೆರಿಗೆ, ವಿಮೆ ಎಲ್ಲಾ ಲೆಕ್ಕ ಹಾಕಿದ್ದೆವು. ಎಚ್‌ಒಎ, ಅಂದರೆ ಬಡಾವಣೆಯ ಮನೆ ಮಾಲೀಕರ ಸಂಘದ ಫೀ ಮಾತ್ರ ಚಿಲ್ಲರೆ ಖರ್ಚು ಅಂದುಕೊಂಡೆವು. ತಿಂಗಳಿಗೆ 65 ಡಾಲರ್ ಇತ್ತು, ಈಗ 90. ಬಾಡಿಗೆ ಕರಾರು ಒಂದು ವರ್ಷದ್ದು, ನಡುವೆ ಬಾಡಿಗೆ ಏರಿಸುವ ಹಾಗಿಲ್ಲ. ಜಾಸ್ತಿಯಾದದ್ದೆಲ್ಲ ನಮ್ಮ ಜೇಬಿನಿಂದಲೇ ಹೋಗುತ್ತದೆ. ಎರಡು ತಿಂಗಳು ಮನೆ ಖಾಲಿ ಬಿದ್ದಿತ್ತು, ಆಗಲೂ ಕಟ್ಟಿದೆವು.

ಮೊನ್ನೆ ಸಂಘದಿಂದ ಒಂದು ಕಾಗದ ಬಂತು, ಜೊತೆಗೆ ಒಂದು ಫೋಟೊ. ಗ್ಯಾರೇಜ್ ಬಾಗಿಲ ಮುಂದೆ ಕಸದ ಡಬ್ಬಿ, ಅದಕ್ಕೆ ಒರಗಿಸಿದ ಮಗುವಿನ ಸೈಕಲ್. ಡಬ್ಬಿ ಒಳಗಿಡದೆ ಬಿಟ್ಟವರು ಬಾಡಿಗೆಯವರು, ದಂಡದ ಎಚ್ಚರಿಕೆ ನಮ್ಮ ಹೆಸರಿಗೆ! ತುಂಬಾ ಬೇಜಾರಾಯಿತು.

ಫೀ ಕಟ್ಟದೆ ಸುಮ್ನೆ ಇರೋಣ ಅಂದರೆ ಅದೂ ಆಗಲ್ಲ. ಟೆಕ್ಸಾಸ್‌ನಲ್ಲಿ ಫೀ ಬಾಕಿ ಉಳಿದರೆ ಸಂಘ ಮನೆಯನ್ನೇ ಹರಾಜಿಗೆ ತರಬಹುದು. ವಕೀಲರ ಖರ್ಚೂ ನಮ್ಮ ತಲೆಗೇ ಬರುತ್ತದೆ. ಇನ್ನು ಕೆಲವು ಬಡಾವಣೆಗಳಲ್ಲಿ ಇಷ್ಟು ಮನೆ ಮಾತ್ರ ಬಾಡಿಗೆಗೆ ಕೊಡಬಹುದು ಅಂತ ಮಿತಿಯೇ ಇದೆ. ಇದನ್ನೆಲ್ಲ ನಮ್ಮ ಏಜೆಂಟ್ ಮೊದಲೇ ಕೂರಿಸಿಕೊಂಡು ಹೇಳಬೇಕಿತ್ತು, ಅಲ್ವಾ? ಅಡುಗೆಮನೆಯ ಗ್ರಾನೈಟ್ ಬಗ್ಗೆ ಅರ್ಧ ಗಂಟೆ ಮಾತಾಡಿದರು.