ಚಿವುಟಿ ನೋಡುವವರು

ನಮ್ಮ ಹಾಲ್‌ನ ಮೂಲೆಯಲ್ಲಿ ಒಂದು ರಬ್ಬರ್ ಗಿಡ ಇದೆ. ಅಗಲ ಎಲೆ, ಕಡು ಹಸಿರು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮಿರಮಿರ ಮಿಂಚುತ್ತದೆ. ಮಿಂಚುವುದೇ ಅದರ ಗ್ರಹಚಾರ. ಮನೆಗೆ ಬಂದವರು ಚಪ್ಪಲಿ ಬಿಟ್ಟು, ನೀರು ಕುಡಿದು, ಸೀದಾ ಅದರ ಹತ್ತಿರ ಹೋಗಿ ಒಂದು ಎಲೆಯನ್ನು ಉಗುರಿನಲ್ಲಿ ಚಿವುಟುತ್ತಾರೆ. ಬಿಳಿ ಹಾಲು ಜಿನುಗುತ್ತದೆ. "ಅಯ್ಯೋ, ಒರಿಜಿನಲ್ಲಾ! ನಾನು ಪ್ಲಾಸ್ಟಿಕ್ ಅಂದ್ಕೊಂಡೆ. ಎಷ್ಟು ಚೆನ್ನಾಗಿದೆ ಅಲ್ವಾ?" ಎನ್ನುತ್ತಾರೆ.

ಇದು ಹೊಗಳಿಕೆಯಂತೆ. ಕೆಳಗಿನ ಎಲೆಗಳಲ್ಲೆಲ್ಲ ಈಗ ಉಗುರಿನ ಕಂದು ಗುರುತುಗಳು ಉಳಿದಿವೆ. ಯಾವುದು ಯಾರದ್ದು ಅಂತ ನನಗೆ ಚೆನ್ನಾಗಿ ಗೊತ್ತು. ಎಲ್ಲಕ್ಕಿಂತ ಆಳವಾದದ್ದು ನನ್ನ ಷಡ್ಡಕರದ್ದು.

ಅವರ ಮನೆಯಲ್ಲಿ ಬಾಗಿಲಿನಿಂದ ಬಾಲ್ಕನಿವರೆಗೆ ಇರುವುದೆಲ್ಲ ನಕಲಿ. ಟಿ.ವಿ. ಪಕ್ಕ ಎರಡು ಆಳೆತ್ತರದ ಬಿದಿರು, ಕಿಟಕಿಗೆ ಮನಿ ಪ್ಲಾಂಟ್ ಬಳ್ಳಿ, ಊಟದ ಮೇಜಿನ ಮೇಲೆ ಆರ್ಕಿಡ್, ಬಾತ್‌ರೂಮಿನಲ್ಲಿ ಒಂದು ಪುಟ್ಟ ಜರಿಗಿಡ. ಅಲ್ಲಿ ರೂಢಿ ತಿರುಗಾಮುರುಗಾ. ನಾವಾಗಿ ಮುಟ್ಟದಿದ್ದರೆ "ಮುಟ್ಟಿ ನೋಡಿ, ಮುಟ್ಟಿ ನೋಡಿ" ಎಂದು ಒತ್ತಾಯ ಮಾಡುತ್ತಾರೆ. ಮುಟ್ಟಿದ ಮೇಲೆ "ನಿಜದ್ದೇ ಅಂದ್ಕೊಂಡಿದ್ದೆ" ಎನ್ನಬೇಕು. ಅಂದ ಮೇಲೆಯೇ ಕಾಫಿ. ಹೋದ ಸಲ ಒಂದು ಎಲೆಯನ್ನು ಹತ್ತಿರದಿಂದ ನೋಡಿದೆ. ತುದಿಯಲ್ಲಿ ಸ್ವಲ್ಪ ಹಳದಿ ತಿರುಗಿತ್ತು, ನಡುವೆ ಒಂದು ಸಣ್ಣ ತೂತು. ಹಾಳಾಗಿದೆ ಅಂದುಕೊಂಡರೆ ಅಲ್ಲ, ಕಾರ್ಖಾನೆಯಲ್ಲೇ ಹಾಗೆ ಮಾಡಿ ಕಳಿಸಿದ್ದಾರೆ. ಸಹಜವಾಗಿ ಕಾಣಲಿ ಅಂತ. ಹುಳ ತಿಂದ ತೂತಿಗೂ ದುಡ್ಡು ಕೊಟ್ಟಿದ್ದಾರೆ ನಮ್ಮ ಷಡ್ಡಕರು.

ಅವರ ಹತ್ತಿರ ಒಂದು ಕಾರಣ ಇದೆ, ಇಲ್ಲ ಅನ್ನುವ ಹಾಗಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಒಣಗಿ ಟ್ಯಾಂಕರ್‌ಗೆ ಕ್ಯೂ ನಿಂತಿದ್ದು ನೆನಪಿದೆಯಲ್ಲ. ಮಾರ್ಚ್ ತಿಂಗಳಲ್ಲಿ ಜಲಮಂಡಳಿ ಒಂದು ಆದೇಶ ಹೊರಡಿಸಿತು: ಕುಡಿಯುವ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ. ಇವರ ಮನೆಯ ತುಳಸಿ, ದಾಸವಾಳ, ಕರಿಬೇವು ಎಲ್ಲ ಆ ಬೇಸಿಗೆಗೆ ಹೋದವು. ಬದಲಿಗೆ ಇವು ಬಂದವು. ಆಮೇಲೆ ಮಳೆಯೂ ಬಂತು. ಗಿಡ ಮಾತ್ರ ವಾಪಸ್ ಬರಲಿಲ್ಲ. "ಬಿಡಿ, ಇದೇ ಆರಾಮ. ನೀರಿಲ್ಲ, ಗೊಬ್ಬರ ಇಲ್ಲ, ಊರಿಗೆ ಹೋದರೆ ಪಕ್ಕದ ಮನೆಯವರನ್ನ ಕೇಳಿಕೊಳ್ಳಬೇಕಾಗಿಲ್ಲ" ಎನ್ನುತ್ತಾರೆ.

ಈ ಚಿವುಟುವುದರಲ್ಲಿ ಏನೋ ಒಂದು ವಿಚಾರ ಅಡಗಿದೆ ಎಂದು ನನಗೆ ಬಹಳ ದಿನದಿಂದ ಅನ್ನಿಸುತ್ತಿದೆ. ಅದನ್ನು ಹೇಳೋಣ ಎಂದೇ ಕೂತಿದ್ದು. ಅದಕ್ಕೆ ಮೊದಲು ನಮ್ಮ ದೊಡ್ಡಮ್ಮನ ಹೂಗುಚ್ಛದ ಕಥೆ ಹೇಳಿಬಿಡುತ್ತೇನೆ. ಈಗ ಬಿಟ್ಟರೆ ಮರೆತುಹೋಗುತ್ತದೆ.

ದೊಡ್ಡಮ್ಮ ಇದ್ದದ್ದು ಸಾಗರದಲ್ಲಿ. ಆ ಕಾಲಕ್ಕೆ ಬೇಸಿಗೆ ರಜೆ ಬಂತೆಂದರೆ ಊರಿನ ಹೆಂಗಸರೆಲ್ಲ ಯಾವುದಾದರೂ ಒಂದು ಕ್ಲಾಸಿಗೆ ಸೇರುತ್ತಿದ್ದರು. ಒಂದು ವರ್ಷ ವೈರ್ ಬ್ಯಾಗು, ಒಂದು ವರ್ಷ ಕ್ರೋಶಾ. ದೊಡ್ಡಮ್ಮ ಸೇರಿದ ವರ್ಷ ಸ್ಟಾಕಿಂಗ್ ಬಟ್ಟೆಯ ಹೂವು. ಸಣ್ಣ ತಂತಿಯನ್ನು ಬಳೆಗೋ ಮಾತ್ರೆ ಡಬ್ಬಿಗೋ ಸುತ್ತಿ ಉಂಗುರ ಮಾಡಬೇಕು. ಅದರ ಮೇಲೆ ನೈಲಾನ್ ಬಟ್ಟೆಯನ್ನು ಬಿಗಿಯಾಗಿ ಎಳೆದು ಬುಡದಲ್ಲಿ ದಾರ ಕಟ್ಟಿದರೆ ಒಂದು ದಳ. ಐದಾರು ದಳ ಸೇರಿಸಿ, ನಡುವೆ ಕೇಸರ ಇಟ್ಟು, ಕಡ್ಡಿಗೆ ಹಸಿರು ಟೇಪು ಸುತ್ತಿದರೆ ಹೂವು. ಎಳೆಯುವಾಗ ಬಟ್ಟೆ ಸರ್ರನೆ ಹರಿದರೆ ಆ ದಳ ಹೋಯಿತು. ದೊಡ್ಡಮ್ಮನ ಬಾಯಿಂದ ಬೈಗುಳ ಕೇಳಿದ್ದು ಆಗ ಮಾತ್ರ.

ಆಕೆ ಮಾಡಿದ ಮೊದಲ ಹೂಗುಚ್ಛ ತಿಳಿ ಗುಲಾಬಿ ಬಣ್ಣದ್ದು. ಶೋಕೇಸಿನಲ್ಲಿ ಪ್ಲಾಸ್ಟರ್ ತಾಜ್‌ಮಹಲಿಗೂ ತೆಂಗಿನ ಚಿಪ್ಪಿನ ಕೊಕ್ಕರೆಗೂ ನಡುವೆ ಕೂತಿತು. ಧೂಳು ಹಿಡಿಯದಿರಲಿ ಎಂದು ಅದಕ್ಕೆ ಪಾಲಿಥಿನ್ ಕವರ್ ಹಾಕಿದ್ದರು. ಕವರ್‌ಗೆ ಧೂಳು ಹಿಡಿದಾಗ ಕವರ್ ಒರೆಸುತ್ತಿದ್ದರು. ಹೂವು ಸರಿಯಾಗಿ ಕಂಡದ್ದು ಕವರ್ ಬದಲಿಸುವ ದಿನ ಮಾತ್ರ.

ಎರಡನೆಯದನ್ನು ದೊಡ್ಡಪ್ಪನ ಸಹೋದ್ಯೋಗಿಯ ಮಗಳ ಮದುವೆಗೆ ಉಡುಗೊರೆ ಕೊಟ್ಟರು. ಅದನ್ನು ಕಟ್ಟುವಾಗ ಹಸಿರು ದಾರ ಮುಗಿದು, ಅಂಗಡಿ ಬಾಗಿಲು ಹಾಕಿದ್ದರಿಂದ ಕೊನೆಯ ಒಂದು ಹೂವಿಗೆ ನೀಲಿ ದಾರ ಸುತ್ತಿದ್ದರಂತೆ. ಟೇಪಿನ ಒಳಗೆ ಇರುತ್ತದೆ, ಯಾರು ನೋಡುತ್ತಾರೆ ಅಂತ.

ಎಷ್ಟೋ ವರ್ಷ ಆಯಿತು. ದೊಡ್ಡಮ್ಮನ ಮಗಳ ಮದುವೆ. ರಾತ್ರಿ ಎಲ್ಲರೂ ಜಮಖಾನದ ಮೇಲೆ ಕೂತು ಉಡುಗೊರೆ ಬಿಚ್ಚುತ್ತಿದ್ದೆವು. ಗೋಡೆ ಗಡಿಯಾರ, ಗೋಡೆ ಗಡಿಯಾರ, ಸ್ಟೀಲ್ ಲೋಟದ ಸೆಟ್ಟು, ಮತ್ತೆ ಗೋಡೆ ಗಡಿಯಾರ. ಆಮೇಲೆ ಒಂದು ಉದ್ದ ಡಬ್ಬಿ. ಬಿಚ್ಚಿದರೆ ಗುಲಾಬಿ ಬಣ್ಣದ ಹೂಗುಚ್ಛ. ದೊಡ್ಡಮ್ಮ ಕನ್ನಡಕ ಏರಿಸಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಂದು ಕಡ್ಡಿಯ ಟೇಪನ್ನು ಸ್ವಲ್ಪ ಬಿಡಿಸಿದರು. ನೀಲಿ ದಾರ!

ಕೊಟ್ಟವರು ದಾವಣಗೆರೆಯ ಯಾರೋ ದೂರದ ನೆಂಟರು. ಸಾಗರದಿಂದ ಹೊರಟ ಹೂಗುಚ್ಛ ಅವರ ಕೈ ಸೇರುವ ಮೊದಲು ಎಷ್ಟು ಮದುವೆ, ಎಷ್ಟು ಗೃಹಪ್ರವೇಶ ಸುತ್ತಿತ್ತೋ! ಅವತ್ತು ರಾತ್ರಿ ಎರಡು ಗಂಟೆವರೆಗೆ ಅದರದ್ದೇ ತನಿಖೆ. ಸಹೋದ್ಯೋಗಿಯ ಮಗಳನ್ನು ಕೊಟ್ಟದ್ದು ಶಿವಮೊಗ್ಗಕ್ಕೆ, ಅವಳ ನಾದಿನಿ ಇರುವುದು ಭದ್ರಾವತಿಯಲ್ಲಿ, ನಾದಿನಿಯ ಓರಗಿತ್ತಿಯ ತವರು ಹರಿಹರ. ಹರಿಹರದವರೆಗೆ ಸಾಕ್ಷಿ ಸಿಕ್ಕಿತು. ಅಲ್ಲಿಂದ ದಾವಣಗೆರೆಗೆ ಸಾಗಿಸಿದವರು ಯಾರು ಎಂಬುದು ಇವತ್ತಿಗೂ ಬಗೆಹರಿದಿಲ್ಲ. ದೊಡ್ಡಮ್ಮನಿಗೆ ವಾಪಸ್ ಬಂದದ್ದಕ್ಕೆ ಸಿಟ್ಟಿರಲಿಲ್ಲ. ಮಧ್ಯದಲ್ಲಿ ಯಾರೋ ಪುಣ್ಯಾತ್ಮರು ಅದನ್ನು ಬಿಸಿ ನೀರಲ್ಲಿ ಅದ್ದಿ ತೊಳೆದಿದ್ದರು, ತಂತಿ ತುಕ್ಕು ಹಿಡಿದು ದಳದ ಅಂಚೆಲ್ಲ ಕಂದಾಗಿತ್ತು. ಅದಕ್ಕೆ ಸಿಟ್ಟು. ಮದುವೆಯ ಗಲಾಟೆ ಮುಗಿದ ವಾರದಲ್ಲೇ ತಂತಿ ಬದಲಿಸಿ, ಹೊಸ ಬಟ್ಟೆ ಹಾಕಿ, ಮತ್ತೊಂದು ಮದುವೆಗೆ ಕೊಟ್ಟು ಬಂದರು. ನೀಲಿ ದಾರವನ್ನು ಮಾತ್ರ ಹಾಗೇ ಬಿಟ್ಟಿದ್ದರಂತೆ.

ಆಕೆಯ ಹೂವನ್ನು ಯಾರೂ ಚಿವುಟಿ ನೋಡಲಿಲ್ಲ. ಅದು ನಿಜದ್ದು ಎಂದು ಅದೂ ಹೇಳುತ್ತಿರಲಿಲ್ಲ, ದೊಡ್ಡಮ್ಮನೂ ಹೇಳುತ್ತಿರಲಿಲ್ಲ. ಸಾಗರದಲ್ಲಿ ಅದು ಹೊಸದೂ ಅಲ್ಲ. ಅಲ್ಲಿಯ ಗುಡಿಗಾರರು ಬೆಂಡಿನಲ್ಲಿ ಬಾಸಿಂಗ ಮಾಡುತ್ತಾರೆ, ಗಂಧದ ಕೆತ್ತನೆಗೆ ಹೆಸರಾದವರು. ತೀರಿಕೊಂಡವರ ಫೋಟೋಕ್ಕೆ ಗಂಧದ ಚಕ್ಕೆಯ ಹಾರ ಹಾಕುವುದು ಎಲ್ಲ ಕಡೆಯೂ ಇದೆ. ಹಾವೇರಿಯಲ್ಲಿ ಏಲಕ್ಕಿಯನ್ನೇ ಪೋಣಿಸಿ ಹಾರ ಮಾಡುತ್ತಾರೆ, ಸನ್ಮಾನ ಮಾಡಿಸಿಕೊಂಡವರು ಮನೆಗೆ ಹೋಗಿ ಪಾಯಸಕ್ಕೆ ಹಾಕಿಕೊಳ್ಳಬಹುದು. ಭರತನಾಟ್ಯದ ಹುಡುಗಿಯರ ಜಡೆಯಲ್ಲಿರುವ ಮಲ್ಲಿಗೆ, ಕನಕಾಂಬರಗಳು ಬಹುಪಾಲು ಬಟ್ಟೆಯವೇ. ಅವು ಯಾವುದರ ಮೇಲೂ ನನಗೆ ಸಿಟ್ಟು ಬರುವುದಿಲ್ಲ.

ಸಿಟ್ಟು ಬರುವುದು ಬಾಗಿಲಿನ ಮೇಲಿನ ಪ್ಲಾಸ್ಟಿಕ್ ಮಾವಿನ ತೋರಣ ನೋಡಿದಾಗ. ಯುಗಾದಿಗೆ ಕಟ್ಟಿದ ಮಾವಿನೆಲೆ ವಾರದಲ್ಲಿ ಸುರುಟಿಕೊಳ್ಳುತ್ತದೆ, ಯಾರೋ ಒಬ್ಬರು ಸ್ಟೂಲ್ ಹತ್ತಿ ತೆಗೆಯುತ್ತಾರೆ, ಹಬ್ಬ ಮುಗಿಯಿತು. ಇದು ಮುಗಿಯುವುದೇ ಇಲ್ಲ. ಆಷಾಢದಲ್ಲೂ ಹಬ್ಬ, ಸೂತಕದಲ್ಲೂ ಹಬ್ಬ. ಬಿಸಿಲು ಬೀಳುವ ಬಾಗಿಲಾದರೆ ಹಸಿರಿನಲ್ಲಿದ್ದ ಹಳದಿ ಮೊದಲು ಹಾರಿಹೋಗಿ ಎಲೆ ನೀಲಿಗೆ ತಿರುಗುತ್ತದೆ. ನೀಲಿ ಮಾವಿನೆಲೆಯ ಕೆಳಗೆ ತಲೆ ಬಗ್ಗಿಸಿ ಒಳಗೆ ಹೋಗಬೇಕು ನಾವು.

ಇನ್ನು ಆರಾಮದ ಮಾತು. ವರಮಹಾಲಕ್ಷ್ಮಿ ಹಬ್ಬಕ್ಕೆ ಮೊದಲು ಷಡ್ಡಕರ ಮನೆಯಲ್ಲಿ ಎಲ್ಲ ಗಿಡಗಳಿಗೂ ಅಭ್ಯಂಜನ. ಬಕೆಟ್‌ನಲ್ಲಿ ಸೋಪಿನ ಪುಡಿ ಕದಡಿ ಬಳ್ಳಿಗಳನ್ನು ಅದ್ದುತ್ತಾರೆ. ಎಲೆಗಳು ಕಡ್ಡಿಯಿಂದ ಕಳಚಿಕೊಂಡು ನೊರೆಯಲ್ಲಿ ತೇಲುತ್ತವೆ. ಒಂದೊಂದನ್ನೂ ಹುಡುಕಿ ಮತ್ತೆ ಸಿಕ್ಕಿಸಬೇಕು. ಕಳೆದ ಸಲ ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ನೀರು ಮೂರು ಬಕೆಟ್ ಹೋಯಿತು, ಯಾವ ಜಲಮಂಡಳಿಯೂ ಕೇಳಲಿಲ್ಲ. ಹಳೆಯದಾದ ಮೇಲೆ ಎಸೆಯೋಣ ಎಂದರೆ ಕಸದವರ ಹತ್ತಿರ ವಾದ. ಬಾಡಿದ ಸೇವಂತಿಗೆ ಹಸಿ ಕಸ, ಅದಕ್ಕೆ ತಕರಾರಿಲ್ಲ. ಇದರಲ್ಲಿ ಬಟ್ಟೆ ಇದೆ, ಪ್ಲಾಸ್ಟಿಕ್ ಇದೆ, ಒಳಗೆ ತಂತಿ, ಬುಡದಲ್ಲಿ ಸಿಮೆಂಟು. ಒಣ ಕಸಕ್ಕೆ ಕೊಟ್ಟರೂ ಬಿಡಿಸುವವರು ಯಾರು? 2016ರಲ್ಲಿ ನಮ್ಮ ಸರ್ಕಾರ ಪ್ಲಾಸ್ಟಿಕ್ ನಿಷೇಧ ಮಾಡಿದಾಗ ಕೈಚೀಲ, ಬ್ಯಾನರ್, ಫ್ಲೆಕ್ಸ್, ತಟ್ಟೆ, ಲೋಟ, ಚಮಚ ಎಲ್ಲದರ ಹೆಸರೂ ಪಟ್ಟಿಯಲ್ಲಿತ್ತು. ಹೂವಿನ ಹೆಸರು ಇರಲಿಲ್ಲ. ಹೂವಲ್ವಾ, ಪಾಪ ಅನ್ನಿಸಿರಬೇಕು.

ಇಷ್ಟೆಲ್ಲ ಹೇಳಿ ನಾನು ನಿಜದ ಹೂವಿನ ಪಕ್ಷ ಎಂದು ಎದೆ ತಟ್ಟಿಕೊಳ್ಳುವ ಹಾಗೂ ಇಲ್ಲ. ಹಬ್ಬದ ಹಿಂದಿನ ದಿನ ಗಾಂಧಿ ಬಜಾರಿನಲ್ಲಿ ಕನಕಾಂಬರದ ರೇಟು ಕೇಳಿದರೆ ಎಂಥ ಹೂಪ್ರೇಮಿಯೂ ಒಂದು ಗಳಿಗೆ ಪ್ಲಾಸ್ಟಿಕ್ ಕಡೆ ವಾಲುತ್ತಾನೆ. ಈ ಸಲ ರೇಟು ಕೇಳಿ ತಲೆ ಎತ್ತಿದರೆ, ಹೂವಾಡಗಿತ್ತಿಯ ಗಾಡಿಯ ಸುತ್ತ ದಪ್ಪ ದಪ್ಪ ಚೆಂಡು ಹೂವಿನ ಮಾಲೆ. ಕಿತ್ತಳೆ ಒಂದು, ಹಳದಿ ಒಂದು. ಪೂರ್ತಿ ಪ್ಲಾಸ್ಟಿಕ್.

"ಏನಮ್ಮಾ, ನೀವೇ ಹಿಂಗೆ ಮಾಡಿದ್ರೆ?" ಎಂದೆ.

"ನಿಜದ್ದು ಕಟ್ಬಿಟ್ರೆ ಮಾರೋದೇನು ಸ್ವಾಮಿ?" ಎಂದು ಮೊಣಕೈ ಚಾಚಿ ಮೊಳ ಹಾಕಿದರು.

ಉಡುಪಿ ಕಡೆಯವರೇ ವಾಸಿ. ಮಲ್ಲಿಗೆಯನ್ನು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಅಂತ ಲೆಕ್ಕ ಇಟ್ಟು ಮಾರುತ್ತಾರೆ. ಇಲ್ಲಿ ಮೊಳ ಎಂದರೆ ಮಾರುವವರ ಕೈ. ಆಕೆಯ ಮೊಳ ನಮ್ಮ ಮನೆಯ ಮೊಳಕ್ಕಿಂತ ಯಾವಾಗಲೂ ನಾಲ್ಕು ಬೆರಳು ಕಡಿಮೆ. ಅದನ್ನು ಹೇಳಿದರೆ "ಹಬ್ಬದ ದಿನ ಜಗಳ ಆಡಬಾರ್ದು" ಎನ್ನುತ್ತಾರೆ. ಬೇರೆ ದಿನ ಆಡೋಣ ಎಂದರೆ ಬೇರೆ ದಿನ ಆ ಗಾಡಿ ಅಲ್ಲಿ ಇರುವುದಿಲ್ಲ.