ಬರೆಯಲು ಬೇರೆ ಹೊತ್ತು ಯಾಕೆ ಬೇಕು?

"ನಿಮಗೆ ಬರೆಯಲು ಹೊತ್ತು ಎಲ್ಲಿಂದ ಸಿಗುತ್ತದೆ?" ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಒಮ್ಮೊಮ್ಮೆ ನಾನು ಕೆಲಸ ಮಾಡುವ ಬ್ಯಾಂಕಿನ ಕೌಂಟರಿನ ಆಚೆಯಿಂದಲೂ ಈ ಪ್ರಶ್ನೆ ಬರುತ್ತದೆ. ಕೇಳುವವರು ಹೆಚ್ಚಾಗಿ ಹೆಂಗಸರು. ಅವರ ದನಿಯಲ್ಲಿ "ನನಗೂ ಬರೆಯಬೇಕು" ಅನ್ನುವ ಆಸೆ ಇರುತ್ತದೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಉತ್ತರ ಹೇಳುತ್ತೇನೆ.

ಬರೆಯಲು ಬೇರೆ ಹೊತ್ತು ಬೇಕು ಅಂದುಕೊಂಡಿದ್ದೇವಲ್ಲ, ತೊಂದರೆ ಅಲ್ಲೇ ಇರುವುದು. ಬರೆಯುವವರು ಅಂದರೆ ಯಾರೋ ಬೇರೆ ಥರದ ಮನುಷ್ಯರು. ಅವರಿಗೊಂದು ಕೋಣೆ ಇರುತ್ತದೆ, ಮೇಜು ಇರುತ್ತದೆ, ಬೆಳಗಿನ ಹೊತ್ತು ಅವರನ್ನು ಯಾರೂ ಕರೆಯುವುದಿಲ್ಲ. ನಮಗೆ ಅದೆಲ್ಲ ಇಲ್ಲ, ಹಾಗಾಗಿ ನಮ್ಮಿಂದ ಆಗುವ ಕೆಲಸವಲ್ಲ ಎಂದು ಪೆನ್ನು ಮುಟ್ಟುವುದೇ ಇಲ್ಲ. ಆದರೆ ಹಾಲು ಕಾದು ಉಕ್ಕುವುದರೊಳಗೆ ಎರಡು ಸಾಲು ಬರೆಯಬಹುದು. ಕುಂಬಳೆಯ ಬಸ್ಸು ಬರುವುದರೊಳಗೆ ನಾಲ್ಕು ಸಾಲು ಬರೆಯಬಹುದು. ಅಡುಗೆ, ತೋಟ, ಕಚೇರಿ, ಮಕ್ಕಳ ಶಾಲೆ ಇವುಗಳ ನಡುವೆಯೇ ಬರಹ ಹುಟ್ಟಬೇಕು. ಅಲ್ಲಿ ಹುಟ್ಟಿದರೇ ಅದಕ್ಕೆ ಜೀವ ಜಾಸ್ತಿ.

ನಮ್ಮ ಕಡೆಯವರಿಗೆ ಇದನ್ನು ಹೊರಗಿನಿಂದ ಬಂದು ಯಾರೂ ಕಲಿಸಬೇಕಾಗಿಲ್ಲ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರು ಇದು. ಯಕ್ಷಗಾನವನ್ನು ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆಯನ್ನೇ ನೋಡಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ. ಬರೆದಿಟ್ಟದ್ದು ಆ ಪದ್ಯ ಮಾತ್ರ. ಅರ್ಥವನ್ನು ಅಲ್ಲಿ ಕೂತವರು ಆ ಹೊತ್ತಿಗೇ ಕಟ್ಟಬೇಕು. ಎದುರಿನ ಕೃಷ್ಣ ಯಾವ ಮಾತು ಎತ್ತುತ್ತಾನೆ ಎಂದು ಕೌರವನಿಗೆ ಮೊದಲೇ ಗೊತ್ತಿರುವುದಿಲ್ಲ. ಅವನ ಮಾತು ಕೇಳಿ, ಅದಕ್ಕೊಂದು ಮಾತು ಹುಡುಕಿ, ಪಾತ್ರ ಬಿಡದೆ ಹೇಳಬೇಕು. ಕುಂಬಳೆ ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಇದನ್ನು ಎಷ್ಟು ಎತ್ತರಕ್ಕೆ ಒಯ್ದರು ಎಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ನನಗೆ ಅವರಷ್ಟೇ ಮುಖ್ಯ, ಊರ ಸಂಘದ ವಾರದ ಕೂಟಕ್ಕೆ ಬರುವವರು. ಹಗಲು ಅಂಗಡಿಯಲ್ಲಿ ಅಕ್ಕಿ ತೂಗಿದವರು, ಶಾಲೆಯಲ್ಲಿ ಗಣಿತ ಹೇಳಿಕೊಟ್ಟವರು, ತೋಟಕ್ಕೆ ನೀರು ಬಿಟ್ಟವರು ಸಂಜೆ ಕೈಕಾಲು ತೊಳೆದು ಬಂದು ಶಲ್ಯನೋ ವಿದುರನೋ ಆಗುತ್ತಾರೆ.

ಒಮ್ಮೆ ನಮ್ಮಲ್ಲಿ ಸಂಧಾನದ ಪ್ರಸಂಗ ಇತ್ತು. ವಿದುರನಾಗಿ ಕೂತವರು ವಯಸ್ಸಾದ ಒಬ್ಬ ಕೃಷಿಕರು. ಕೃಷ್ಣ ಮನೆಗೆ ಬಂದಿದ್ದಾನೆ. ಕೂರಿಸಿ ಉಪಚಾರ ಮಾಡುತ್ತಾ ಅವರು ಹೇಳಿದರು: "ಸ್ವಾಮೀ, ಒಳಗೆ ಹೊಗೆ ಸ್ವಲ್ಪ ಜಾಸ್ತಿಯಾಯಿತು. ಒಣ ಕಟ್ಟಿಗೆಯೆಲ್ಲ ಅರಮನೆಗೆ ಹೋಗುತ್ತದೆ." ಸಭೆ ಒಂದು ಗಳಿಗೆ ಸುಮ್ಮನಾಯಿತು. ಆಮೇಲೆ ಚಪ್ಪಾಳೆ. ಹಸ್ತಿನಾವತಿಯ ದೊರೆತನ ಹೇಗಿತ್ತು, ವಿದುರನ ಬಡತನ ಹೇಗಿತ್ತು, ಅದರಲ್ಲೂ ಅವನು ಮರ್ಯಾದೆ ಬಿಟ್ಟಿರಲಿಲ್ಲ ಎನ್ನುವುದು, ಎಲ್ಲ ಆ ಎರಡು ವಾಕ್ಯದಲ್ಲಿ ಬಂತು. ಅದು ಯಾವ ಪುಸ್ತಕದ್ದೂ ಅಲ್ಲ. ಮಳೆಗಾಲದಲ್ಲಿ ಹಸಿ ಸೌದೆ ಊದಿ ಕಣ್ಣು ಕೆಂಪು ಮಾಡಿಕೊಂಡವರಿಗೆ ಮಾತ್ರ ಹೊಳೆಯುವ ಮಾತು ಅದು. ಇಂಥವರು ನನ್ನಲ್ಲಿ "ನನಗೆ ಬರೆಯಲು ಬರುವುದಿಲ್ಲ" ಅಂದರೆ ನಾನು ಒಪ್ಪುವುದಿಲ್ಲ. ಅವರು ಬಾಯಲ್ಲಿ ಬರೆಯುತ್ತಾರೆ. ಅದನ್ನು ಕಾಗದಕ್ಕೆ ಇಳಿಸುವ ಅಭ್ಯಾಸ ಆಗಿಲ್ಲ, ಅಷ್ಟೆ.

ದೊಡ್ಡವರ ವಿಷಯಕ್ಕೇ ಬಂದರೂ, ನಮ್ಮ ಕಾಸರಗೋಡಿನ ದೊಡ್ಡವರು ಬರಹಕ್ಕಾಗಿ ಬದುಕನ್ನು ಬದಿಗಿಟ್ಟವರಲ್ಲ. ಕಯ್ಯಾರ ಕಿಞ್ಞಣ್ಣ ರೈಗಳು (1915–2015) ಪೆರಡಾಲದ ಶಾಲೆಯಲ್ಲಿ ಮೇಷ್ಟ್ರು. ಗದ್ದೆ ತೋಟ ನೋಡಿಕೊಂಡ ಕೃಷಿಕ. ಬದಿಯಡ್ಕ ಪಂಚಾಯತಿನ ಅಧ್ಯಕ್ಷರೂ ಆಗಿದ್ದರು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂಬ ಗಡಿ ಹೋರಾಟದಲ್ಲಿ ಮುಂದೆ ನಿಂತವರು. ಕವಿತೆ ಇವೆಲ್ಲದರ ಒಳಗಿನಿಂದ ಬಂತು. ಸಾರಾ ಅಬೂಬಕ್ಕರ್ ಬರಹ ಪ್ರಕಟಿಸಲು ಶುರು ಮಾಡಿದ್ದು ನಲವತ್ತು ದಾಟಿದ ಮೇಲೆ, ಸಂಸಾರ ಮಕ್ಕಳು ಎಲ್ಲ ಆದ ಮೇಲೆ. ಅವರ ಮೊದಲ ಕಾದಂಬರಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಚಂದ್ರಗಿರಿ ಹೊಳೆಯ ಬದಿಯ ಮನೆಗಳ ಒಳಗೆ ಹೆಂಗಸರು ಏನು ಅನುಭವಿಸುತ್ತಾರೆ ಎಂದು ಆವರೆಗೆ ಕನ್ನಡಕ್ಕೆ ಗೊತ್ತಿರಲಿಲ್ಲ. ಆ ಮನೆಗಳ ಒಳಗಿದ್ದವರೇ ಬರೆಯಬೇಕಾಯಿತು. ಇನ್ನೂ ಬರೆಯದೆ ಉಳಿದಿರುವ ಎಷ್ಟು ಮನೆಗಳಿವೆ ನಮ್ಮಲ್ಲಿ, ಯೋಚನೆ ಮಾಡಿ.

ನಮ್ಮ ನೆರೆಮನೆಯ ಅಕ್ಕನಲ್ಲಿ ಒಂದು ದಿನ ಇದನ್ನೇ ಹೇಳುತ್ತಿದ್ದೆ. "ಎನಗೆ ಬರವಲೆ ಎಂತ ಇದ್ದು?" ಅಂದರು, ನಮ್ಮ ಹವ್ಯಕ ಕನ್ನಡದಲ್ಲಿ. ನನಗೆ ಬರೆಯಲು ಏನಿದೆ ಎಂದು. ಅವರ ಹಿಂದೆ ಗೋಡೆಯಲ್ಲಿ ಕ್ಯಾಲೆಂಡರ್ ನೇತಾಡುತ್ತಿತ್ತು. ಅದರ ಚೌಕಗಳಲ್ಲಿ ಅವರದೇ ಅಕ್ಷರ. ಗ್ಯಾಸ್ ಬಂದ ದಿನ. ತೋಟಕ್ಕೆ ಮದ್ದು ಬಿಟ್ಟ ದಿನ. ಅಡಿಕೆ ಸುಲಿಯುವವರಿಗೆ ಕೊಟ್ಟ ದುಡ್ಡು. ಒಂದು ಚೌಕದಲ್ಲಿ ಹೀಗಿತ್ತು: "ಗಂಗೆ ಕರು ಹಾಕಿತು. ಹೆಣ್ಣು. ಹಣೆಯಲ್ಲಿ ಬಿಳಿ."

ಲೆಕ್ಕಕ್ಕೆ ಬೇಕಾದ್ದು "ಕರು ಹಾಕಿತು, ಹೆಣ್ಣು" ಇಷ್ಟೆ. "ಹಣೆಯಲ್ಲಿ ಬಿಳಿ" ಲೆಕ್ಕಕ್ಕೆ ಬೇಡ. ಹಾಲಿನ ಸೊಸೈಟಿಯಲ್ಲಿ ಯಾರೂ ಅದನ್ನು ಕೇಳುವುದಿಲ್ಲ. ಆದರೂ ಆ ಪುಟ್ಟ ಚೌಕದಲ್ಲಿ ಜಾಗ ಮಾಡಿ ಅವರು ಅದನ್ನು ಬರೆದಿದ್ದಾರೆ. ಯಾಕೆಂದರೆ ಅವರು ನೋಡಿದ್ದು ಅದನ್ನು, ಖುಷಿಪಟ್ಟದ್ದು ಅದಕ್ಕೆ. ಸೃಜನಶೀಲ ಬರವಣಿಗೆ ಅಂತ ದೊಡ್ಡ ಹೆಸರಿಟ್ಟು ಹೆದರಿಸುತ್ತಾರಲ್ಲ, ಅದು ಶುರುವಾಗುವುದು ಆ ಬೇಡದ ಎರಡು ಪದದಲ್ಲಿ. "ಅಕ್ಕಾ, ನೀವು ಬರೆದಾಗಿದೆ" ಅಂದೆ. ಈಗ ಅವರಲ್ಲಿ ಒಂದು ನೋಟ್ ಪುಸ್ತಕ ಇದೆ. ಲೆಕ್ಕವೂ ಅದರಲ್ಲೇ, ಬೇರೆಯದೂ ಅದರಲ್ಲೇ. ಎರಡನ್ನೂ ಬೇರೆ ಮಾಡಬೇಡಿ ಎಂದು ನಾನೇ ಹೇಳಿದ್ದೇನೆ.

ಹೀಗೆ ನೋಡಿ ಬರೆಯುವುದರಿಂದ ಏನು ಆಗುತ್ತದೆ ಎಂದು ಕೇಳುವವರಿಗೆ ನಮ್ಮ ಜಿಲ್ಲೆಯ ಪಡ್ರೆ ಎಂಬ ಹಳ್ಳಿಯ ಕಥೆ ನೆನಪಿಸುತ್ತೇನೆ. ಗೇರು ತೋಟಗಳಿಗೆ ಆಕಾಶದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುತ್ತಿದ್ದ ಕಾಲ. ಕಾಲು ಡೊಂಕಾದ ಕರುಗಳು ಹುಟ್ಟುವುದನ್ನು ಗಮನಿಸಿ, ಏನೋ ಸರಿಯಿಲ್ಲ ಎಂದು ಮೊದಲೇ ಬರೆದವರು ಅದೇ ಊರಿನ ಕೃಷಿಕ ಶ್ರೀ ಪಡ್ರೆ. 1980ರ ದಶಕದ ಆರಂಭದ ಮಾತು. ಸಿಂಪಡಣೆ ನಿಲ್ಲಲು ಮತ್ತೆ ಸುಮಾರು ಎರಡು ದಶಕ ಹಿಡಿಯಿತು. ದೇಶದಲ್ಲಿ ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ. ಅಷ್ಟು ವರ್ಷ ಅಲ್ಲಿನ ಮಕ್ಕಳು, ತಾಯಂದಿರು ಪಟ್ಟ ಪಾಡು ನಮ್ಮ ಕಣ್ಣೆದುರೇ ಇದೆ. ಆದರೆ ಮೊದಲ ಸಾಕ್ಷಿ ಹುಟ್ಟಿದ್ದು ಹಟ್ಟಿಯಲ್ಲಿ. ಕರುವನ್ನು ಸರಿಯಾಗಿ ನೋಡಿದವರು ಅದನ್ನು ಬರೆದೂ ಇಟ್ಟಿದ್ದರಿಂದ ಅದು ಸಾಕ್ಷಿಯಾಯಿತು. ಮುಂದೆ ಇದೇ ಶ್ರೀ ಪಡ್ರೆಯವರು 1988ರಲ್ಲಿ ಶುರುವಾದ ಪುತ್ತೂರಿನ ಅಡಿಕೆ ಪತ್ರಿಕೆಯ ಮೂಲಕ ಕೃಷಿಕರ ಕೈಗೇ ಲೇಖನಿ ಕೊಟ್ಟರು. ಮಣ್ಣಿನ ಕೈಯವರು ತಮ್ಮ ಅನುಭವವನ್ನು ತಾವೇ ಬರೆಯಬಹುದು ಎಂದು ನಮ್ಮ ಸೀಮೆಗೆ ತೋರಿಸಿಕೊಟ್ಟ ಕೆಲಸ ಅದು. ಕೃಷಿಯ ಬಗ್ಗೆ ಆದದ್ದು ಮನಸ್ಸಿನ ಬಗ್ಗೆ, ಮನೆಯ ಬಗ್ಗೆ ಯಾಕೆ ಆಗಬಾರದು?

ಇನ್ನೊಂದು ಹೆದರಿಕೆ ಭಾಷೆಯದ್ದು. "ನಮ್ಮದು ಮನೆಮಾತು, ಶುದ್ಧ ಕನ್ನಡ ಬರುವುದಿಲ್ಲ." ಸಪ್ತಭಾಷೆಗಳ ನಾಡು ಎಂದು ವೇದಿಕೆಯಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಬರೆಯಲು ಕೂತಾಗ ಮಾತ್ರ ಆರು ಭಾಷೆಗಳನ್ನು ಜಗಲಿಯಲ್ಲೇ ಬಿಟ್ಟು ಬರುತ್ತೇವೆ. ಯಾಕೆ? ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಕಯ್ಯಾರರದ್ದು ತುಳು. ಸಾರಾ ಅವರದ್ದು ಮಲಯಾಳ.  ಕನ್ನಡಕ್ಕೆ ಇವರೆಲ್ಲ ಬೇಕಾದರು. ನಿಮ್ಮ ಅಜ್ಜಿ ತುಳುವಿನಲ್ಲಿ ಬೈದದ್ದನ್ನು ತುಳುವಿನಲ್ಲೇ ಬರೆಯಿರಿ. ಪೇಟೆಯ ಮೀನಿನವರ ಮಾತನ್ನು ಮಲಯಾಳದಲ್ಲೇ ಕನ್ನಡ ಲಿಪಿಯಲ್ಲಿ ಬರೆಯಿರಿ. ಕೌಂಟರಿನಲ್ಲಿ ಅರ್ಧ ಗಂಟೆಯೊಳಗೆ ನಾಲ್ಕು ಭಾಷೆ ನನ್ನ ಕಿವಿಗೆ ಬೀಳುತ್ತದೆ. ಇಷ್ಟು ಬಗೆಯ ಮಾತು ಒಟ್ಟಿಗೆ ಸಿಗುವ ಊರು ಬರೆಯುವವರಿಗೆ ದೊಡ್ಡ ಆಸ್ತಿ.

ಮಕ್ಕಳ ವಿಷಯದಲ್ಲಿ ನನಗೆ ತುಂಬ ಆಸೆ ಹುಟ್ಟಿಸಿದ ಒಂದು ಸಂಗತಿ ಇದೆ. ಕೇರಳದ ಒಂದನೇ ತರಗತಿಯಲ್ಲಿ ಸಂಯುಕ್ತ ಡೈರಿ ಎಂಬ ಅಭ್ಯಾಸ ತಂದಿದ್ದಾರೆ. ಮಗು ತನ್ನ ದಿನದ ಬಗ್ಗೆ ಹೇಳುತ್ತದೆ. ಗೊತ್ತಿರುವ ಅಕ್ಷರಗಳನ್ನು ಪೆನ್ಸಿಲಿನಲ್ಲಿ ತಾನೇ ಬರೆಯುತ್ತದೆ. ಗೊತ್ತಿಲ್ಲದ ಅಕ್ಷರವನ್ನು ಅಮ್ಮನೋ ಅಪ್ಪನೋ ಪೆನ್ನಿನಲ್ಲಿ ತುಂಬಿಸುತ್ತಾರೆ. ಅಂದರೆ ಅಕ್ಷರಮಾಲೆ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಹೇಳಲು ಏನೋ ಇದೆ, ಅದಕ್ಕಾಗಿ ಅಕ್ಷರ ಕಲಿಯುವುದು. ನನ್ನ ತಂಗಿಯ ಮಗಳು ಕನ್ನಡದಲ್ಲಿ ಹೀಗೇ ಬರೆಯುತ್ತಾಳೆ. ಅವಳ ಪುಸ್ತಕದ ಒಂದು ಪುಟದಲ್ಲಿ ಇದ್ದದ್ದು: "ಅಜ್ಜನ ಮುಂಡಾಸಿನಲ್ಲಿ ಇರುವೆ ಇತ್ತು. ಅಜ್ಜನಿಗೆ ಗೊತ್ತಿಲ್ಲ. ನಾನು ಹೇಳಲಿಲ್ಲ." ಒತ್ತಕ್ಷರಗಳೆಲ್ಲ ಅಮ್ಮನ ನೀಲಿ ಪೆನ್ನು, ಉಳಿದದ್ದು ಅವಳ ಪೆನ್ಸಿಲು. "ನಾನು ಹೇಳಲಿಲ್ಲ" ಅನ್ನುವುದನ್ನು ಓದಿ ನಾನು ಎಷ್ಟು ಹೊತ್ತು ನಕ್ಕೆನೋ. ಅದರಲ್ಲಿ ಒಂದು ಇಡೀ ಕಥೆ ಇದೆ. ಗುಟ್ಟು ಇದೆ, ತುಂಟತನ ಇದೆ, ಅಜ್ಜನ ಮೇಲಿನ ಸಲಿಗೆ ಇದೆ.

ಬೇಸರ ಏನೆಂದರೆ, ಅದೇ ಮಗು ಐದನೇ ತರಗತಿಗೆ ಬಂದಾಗ "ಮಳೆಗಾಲದ ಒಂದು ದಿನ" ಎಂಬ ಪ್ರಬಂಧಕ್ಕೆ ಗೈಡ್ ನೋಡಿ ಬರೆಯುತ್ತದೆ. ಹೊರಗೆ ಅಂಗಳದಲ್ಲಿ ಮಳೆ ಸುರಿಯುತ್ತಿದೆ, ಒಳಗೆ ಗೈಡಿನ ಮಳೆ. ಇದನ್ನು ಮಕ್ಕಳ ತಲೆಗೆ ಕಟ್ಟಬೇಡಿ. ಅಂಕ ಸಿಗುವುದು ಗೈಡಿನ ಮಳೆಗೆ ಎಂದು ದೊಡ್ಡವರೇ ಕಲಿಸಿದ್ದೇವೆ. ಮನೆಯಲ್ಲಾದರೂ ಅಂಕ ಇಲ್ಲದ ಒಂದು ಪುಸ್ತಕ ಇರಲಿ. ತಪ್ಪಿಗೆ ಕೆಂಪು ಗೆರೆ ಎಳೆಯದ ಪುಸ್ತಕ. ಮುಖ್ಯವಾಗಿ, ಅಮ್ಮ ಅಪ್ಪನೂ ಬರೆಯುವುದನ್ನು ಮಕ್ಕಳು ನೋಡಬೇಕು.

ಗಡಿನಾಡಿನಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ನಂತರ ನಮ್ಮ ಕಚೇರಿ, ಅರ್ಜಿ, ನೋಟೀಸು ಎಲ್ಲ ಮೆಲ್ಲಗೆ ಬೇರೆ ಭಾಷೆಗೆ ಹೋಯಿತು. ಭಾಷಾ ಅಲ್ಪಸಂಖ್ಯಾತರಾದ ಕನ್ನಡಿಗರು ಸರ್ಕಾರಕ್ಕೆ ಕನ್ನಡದಲ್ಲೇ ಬರೆಯಬಹುದು ಎಂದು ಕೇರಳ 1969ರಲ್ಲೇ ಕಾನೂನು ಮಾಡಿತು. ಆ ಹಕ್ಕಿಗಾಗಿ ಹೋರಾಡುವವರ ಜೊತೆ ನಾನೂ ಇದ್ದೇನೆ. ಆದರೆ ನಮ್ಮ ವಯಸ್ಸಿನ ಎಷ್ಟೋ ಜನ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ನಂತರ ಕನ್ನಡದಲ್ಲಿ ಒಂದು ಪುಟ ಬರೆದಿಲ್ಲ. ಓದುತ್ತಾರೆ, ಮಾತಾಡುತ್ತಾರೆ, ಕೈಯಲ್ಲಿ ಬರೆಯಿರಿ ಅಂದರೆ ದೀರ್ಘ ಎಲ್ಲಿ ಒತ್ತು ಎಲ್ಲಿ ಎಂದು ತಡವರಿಸುತ್ತಾರೆ. ದಿನಾ ಬಳಸದ ಕತ್ತಿಗೆ ತುಕ್ಕು ಹಿಡಿಯುವ ಹಾಗೆ ಆಗಿದೆ. ಕಚೇರಿಯಲ್ಲಿ ಕನ್ನಡಕ್ಕೆ ಜಾಗ ಕೇಳುವ ನಾವು ನಮ್ಮ ಅಡುಗೆಮನೆಯಲ್ಲೂ ಕೊಡಬೇಕು ಅಲ್ವಾ? ಬೆಳಿಗ್ಗೆ ಎದ್ದು ಯಾರೋ ಮಾಡಿದ ಹೂವಿನ ಚಿತ್ರದ ಶುಭೋದಯ ಕಳಿಸುವ ಬದಲು, "ಇವತ್ತು ಬೆಳಿಗ್ಗೆ ಕೆಂಬೂತ ಅಂಗಳಕ್ಕೇ ಬಂದಿತ್ತು" ಎಂದು ಸ್ವಂತ ಒಂದು ಸಾಲು ತಂಗಿಗೆ ಕಳಿಸಿ. ಅವಳೂ ಒಂದು ಸಾಲು ಬರೆಯುತ್ತಾಳೆ. ಕೈಯಲ್ಲಿ ಬರೆಯಲು ಕಷ್ಟವಾದರೆ ಫೋನಿಗೆ ಹೇಳಿ, ಅದು ಕನ್ನಡದಲ್ಲಿ ಟೈಪ್ ಮಾಡಿ ಕೊಡುತ್ತದೆ. ಹವ್ಯಕದಲ್ಲಿ ಹೇಳಿದರೆ ಸ್ವಲ್ಪ ತಪ್ಪು ಮಾಡುತ್ತದೆ, ತಿದ್ದಿದರಾಯಿತು.

ಎಲ್ಲರೂ ಬರೆದರೆ ಸಾಹಿತ್ಯದ ಮಟ್ಟ ಇಳಿಯುತ್ತದೆ ಎಂದು ಹಿರಿಯರೊಬ್ಬರು ವಾದ ಮಾಡಿದರು. ನನಗೆ ಹಾಗೆ ಕಾಣುವುದಿಲ್ಲ. ಊರಲ್ಲಿ ನೂರು ಜನ ಅರ್ಥ ಹೇಳಿದ್ದಕ್ಕೆ ಶೇಣಿಯಂಥವರ ಮಟ್ಟ ಇಳಿಯಲಿಲ್ಲ. ತಾವೂ ಪ್ರಯತ್ನಿಸಿದವರು ಎದುರು ಕೂತಿದ್ದರಿಂದ ಅವರ ಮಾತಿನ ಸೊಗಸು ಸಭೆಗೆ ತಿಳಿಯಿತು. ಇನ್ನು, ಬರೆದದ್ದೆಲ್ಲ ಅಚ್ಚಾಗಬೇಕು, ಕವಿಗೋಷ್ಠಿಗೆ ಕರೆಯಬೇಕು ಎಂಬ ಹಂಬಲ ಮಾತ್ರ ಬೇಡ. ಅದು ಬಂದರೆ ಬರೆಯುವ ಖುಷಿ ಹೋಗುತ್ತದೆ.

ನಮ್ಮ ಕಡೆಯ ಗ್ರಂಥಾಲಯಗಳಿಗೆ, ಕನ್ನಡ ಶಾಲೆಗಳ ಟೀಚರುಗಳಿಗೆ ಒಂದು ಕೇಳಿಕೆ. ಜೂನ್ 19ನ್ನು ಪಿ.ಎನ್. ಪಣಿಕ್ಕರ್ ನೆನಪಿಗೆ ವಾಚನಾ ದಿನವಾಗಿ ಆಚರಿಸುತ್ತೇವೆ. ಕೇರಳದಲ್ಲಿ ಊರೂರಿಗೆ ಗ್ರಂಥಾಲಯ ಬರಲು ದುಡಿದವರು ಅವರು. ಆ ದಿನ ಭಾಷಣ ಸ್ವಲ್ಪ ಕಡಿಮೆ ಮಾಡೋಣ. ಊರವರಿಂದ ಒಂದೊಂದು ಪುಟ ಬರೆಸಿ, ಹೊಲಿದು, ಕೈಬರಹದ ಪತ್ರಿಕೆ ಮಾಡಿ ಪುಸ್ತಕಗಳ ಸಾಲಿನಲ್ಲೇ ಇಡೋಣ. ಅಡಿಕೆ ಸುಲಿಯುವವರದ್ದು, ಬಸ್ ಕಂಡಕ್ಟರರದ್ದು, ಕುಟುಂಬಶ್ರೀ ಸ್ವಸಹಾಯ ಸಂಘದ ಅಕ್ಕಂದಿರದ್ದು, ಒಂದನೇ ತರಗತಿಯ ಮಕ್ಕಳದ್ದು, ಯಾರದ್ದಾದರೂ ಸರಿ. ಯಾವ ಭಾಷೆ ಬೆರೆತಿದ್ದರೂ ಸರಿ. ಕಾಗದ, ದಾರ, ಸೂಜಿ ನಾನು ತರುತ್ತೇನೆ. ಹೊಲಿಯಲು ನೆರೆಮನೆಯ ಅಕ್ಕ ಒಪ್ಪಿದ್ದಾರೆ.