ಗುಂಡನ ಮಾವನ ಮನೆ ವಾಸ

ನಮ್ಮ ಬೆಕ್ಕು ಗುಂಡ ಎರಡು ದಿನ ಒಳಗಿದ್ದು ಬಂದ. ತಪ್ಪು ಅವನದು, ದಂಡ ಕಟ್ಟಿದ್ದು ನಾನು.

ಆಗಿದ್ದು ಇಷ್ಟೇ. ಪಕ್ಕದ ಮನೆಯವರು ಹೂವಿನ ಪಾತಿಗೆಂದು ಮಣ್ಣನ್ನು ಜರಡಿ ಹಿಡಿದು, ಮೆತ್ತಗೆ ಹದ ಮಾಡಿ ಇಟ್ಟಿದ್ದರು. ಇದು ತನಗೆಂದೇ ಮಾಡಿಸಿದ ಶೌಚಾಲಯ ಅಂತ ಗುಂಡ ತಿಳಿದುಕೊಂಡ. ಅವರು ಬಂದು ನನಗೆ ಹೇಳಿದರು. ನಾನು ಗುಂಡನಿಗೆ ಹೇಳಿದೆ. ಅವನು ಮೈ ಮುರಿದು, ಮತ್ತೆ ಅಲ್ಲಿಗೇ ಹೋದ. ಕೊನೆಗೆ ಪ್ರಾಣಿ ನಿಯಂತ್ರಣದವರಿಗೆ ದೂರು ಹೋಯಿತು. ಪಾತಿಯ ಪಕ್ಕ ಒಂದು ಬೋನು ಬಂತು. ಮೀನಿನ ವಾಸನೆಗೆ ಒಳಗೆ ಹೋಗಿ ತಗಡಿನ ಮೇಲೆ ಕಾಲಿಟ್ಟರೆ ಸಾಕು, ಹಿಂದಿನ ಬಾಗಿಲು ಧಡ್ ಅಂತ ಬೀಳುತ್ತದೆ. ಗುಂಡ ಮೀನು ಪೂರ್ತಿ ತಿಂದು ಮುಗಿಸಿದ ಮೇಲೇ ಬಾಗಿಲ ಕಡೆ ತಿರುಗಿ ನೋಡಿದನಂತೆ.

ಪ್ರಾಣಿ ನಿಯಂತ್ರಣದವರಿಗೆ ಫೋನ್ ಮಾಡಿದೆ. ‘ಬೆಕ್ಕು ಹೇಗಿದೆ?’ ಅಂದರು. ‘ಬೂದು ಬಣ್ಣ, ಮೈಮೇಲೆ ಪಟ್ಟೆ, ಸ್ವಲ್ಪ ಜಂಬ’ ಅಂದೆ. ‘ಅಂಥವು ಒಂಬತ್ತಿವೆ, ಬಂದು ನೋಡಿ’ ಅಂದರು.

ಕೊರಳಪಟ್ಟಿ ಇದ್ದಿದ್ದರೆ ಕೆಲಸ ಸಲೀಸಾಗುತ್ತಿತ್ತು. ಆದರೆ ಬೆಕ್ಕಿನ ಪಟ್ಟಿ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ತಾನಾಗಿ ಬಿಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಬೆಕ್ಕು ನೇತಾಡಿಬಿಡುತ್ತದೆ. ಗುಂಡ ಈ ಗುಟ್ಟನ್ನು ಒಂದೇ ವಾರದಲ್ಲಿ ಕಲಿತ. ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತ ಇಲಿಗಳು ಸುಮ್ನೆ ತಲೆ ಕೆಡಿಸಿಕೊಂಡವು. ನಾನು ನಾಲ್ಕು ಸಲ ಕಟ್ಟಿದ್ದೇನೆ. ನಾಲ್ಕು ಗಂಟೆಗಳೂ ಈಗ ಯಾವ ಬೇಲಿಯಲ್ಲಿವೆಯೋ.

ಹೋಗಿ ನೋಡಿದರೆ, ಗೂಡಿನೊಳಗೆ ಗುಂಡ ಬೆನ್ನು ತಿರುಗಿಸಿ ಕೂತಿದ್ದ. ಕೂಗಿದೆ. ಒಂದು ಕಿವಿ ಮಾತ್ರ ನನ್ನ ಕಡೆ ತಿರುಗಿತು. ‘ನಿಮ್ಮದೇ ಅಂತ ಹೇಗೆ ನಂಬೋದು?’ ಅಂದರು ಸಿಬ್ಬಂದಿ.

‘ಚಿಪ್ ಇದೆಯಲ್ಲ!’ ಅಂದೆ. ಭುಜಗಳ ನಡುವೆ, ಚರ್ಮದ ಕೆಳಗೆ, ಅಕ್ಕಿಕಾಳಿನಷ್ಟು. ಯಂತ್ರ ಹಿಡಿದರೆ 15 ಅಂಕಿಯ ಸಂಖ್ಯೆ ಬರುತ್ತದೆ. ಆಕೆ ಕಂಪ್ಯೂಟರ್ ನೋಡಿ, ‘ಮೊನ್ನೆಯೇ ಫೋನ್ ಮಾಡಿದ್ವಲ್ಲ. ನನಗೆ ಬೆಕ್ಕೇ ಇಲ್ಲ, ಬೆಕ್ಕು ಕಂಡರೆ ಸೀನು ಬರುತ್ತೆ ಅಂದ್ರಿ’ ಅಂದರು.

ಅದು ನನ್ನ ಹಳೇ ನಂಬರ್. ಈಗ ಬೇರೆ ಯಾರ ಬಳಿಯೋ ಇದೆ. ಚಿಪ್‌ನಲ್ಲಿ ಇರೋದು ಬರೀ ಸಂಖ್ಯೆ. ಹೆಸರು, ಫೋನ್ ನಂಬರ್ ಎಲ್ಲ ನೋಂದಣಿಯಲ್ಲಿರುತ್ತವೆ. ಅದನ್ನು ಬದಲಿಸಬೇಕಾದವನು ನಾನು. ಗುಂಡ ಎಲ್ಲಿದ್ದಾನೆ ಅಂತ ಚಿಪ್ ಹೇಳುತ್ತೆ ಅಂತ ಎರಡು ವರ್ಷ ನಂಬಿದ್ದೆ ಬೇರೆ. ಅದರಲ್ಲಿ ಬ್ಯಾಟರಿಯೇ ಇಲ್ಲವಂತೆ.

ಆಮೇಲೆ ಬಿಲ್ ಬಂತು. ಹಿಡಿದದ್ದಕ್ಕೆ ಒಂದು, ಇಟ್ಟುಕೊಂಡದ್ದಕ್ಕೆ ದಿನದ ಲೆಕ್ಕ. ನಮ್ಮಲ್ಲಿ ನಾಯಿಗೆ ಹಗ್ಗ ಕಡ್ಡಾಯ, ಬೆಕ್ಕಿಗಿಲ್ಲ. ಆದರೆ ಯಾರಾದರೂ ದೂರು ಕೊಟ್ಟರೆ ಹಿಡಿಯಬಹುದು. ಅಂದರೆ ಬೆಕ್ಕು ತಿರುಗಬಹುದು, ತಿರುಗಿದ್ದು ಗೊತ್ತಾಗಬಾರದು. ಇದನ್ನು ಬರೆದವರು ಬೆಕ್ಕು ಸಾಕಿದವರೇ ಇರಬೇಕು.

ಪಕ್ಕದ ಗೂಡಲ್ಲಿ ಒಂದು ಬೀದಿ ಬೆಕ್ಕಿತ್ತು. ಕಿವಿಯ ತುದಿ ನೇರವಾಗಿ ಕತ್ತರಿಸಿತ್ತು, ಸಂತಾನಹರಣ ಆಗಿದೆ ಅನ್ನೋ ಗುರುತು. ಅದನ್ನು ಹಿಡಿದ ಜಾಗಕ್ಕೇ ವಾಪಸ್ ಬಿಟ್ಟು ಬರುತ್ತಾರಂತೆ, ಬಿಟ್ಟಿಯಾಗಿ. ಗುಂಡ ಸಂಸಾರಸ್ಥ ನೋಡಿ, ಅದಕ್ಕೇ ದಂಡ.

‘ಎರಡನೇ ಸಲಕ್ಕೆ ಜಾಸ್ತಿ ಆಗುತ್ತೆ’ ಅಂತ ರಸೀದಿ ಕೊಟ್ಟರು. ಒಂದು ವಾರ ಕಿಟಕಿ ಮುಚ್ಚಿಟ್ಟೆ. ರಾತ್ರಿ ಮೂರಕ್ಕೆ ಅವನು ಬಾಗಿಲ ಬಳಿ ಕೂತು ಹಾಡುತ್ತಿದ್ದ. ಎಂಟನೇ ದಿನ ಹಾಲಿನವನಿಗೆ ಬಾಗಿಲು ತೆಗೆದದ್ದೇ ತಡ, ನನ್ನ ಕಾಲ ಸಂದಿಯಲ್ಲಿ ನುಸುಳಿ ಹೋದ.

ಸಂಜೆ ಗೋಡೆಯಾಚೆ ಇಣುಕಿದೆ. ಬೋನಿನ ಮುಂದೆ ಬಾಲ ಸುತ್ತಿಕೊಂಡು ಕೂತಿದ್ದ. ಪಕ್ಕದ ಮನೆಯವರು ಇನ್ನೂ ಮೀನಿನ ಡಬ್ಬಿ ತೆರೆದಿರಲಿಲ್ಲ.